ಕೊಂಬಿಗೊಂದು ಕೋಣೆ

ಮಡಕೆ ಮಾಡುವವಳಿಗೆ ತಾಳ್ಮೆ ಹೆಚ್ಚೆಂದು ಯಾರು ಹಬ್ಬಿಸಿದರೋ ಕಾಣೆ. ನನಗೆ ಕೋಪ ಮೂಗಿನ ತುದಿಯಲ್ಲೇ. ಅವಸರಕ್ಕೆ ನನ್ನ ಲೋಟಗಳಿಗೆಲ್ಲ ಎಡಬದಿಯಲ್ಲಿ ಹೆಬ್ಬೆರಳಿನ ಗುಳಿಯೊಂದು ಬೀಳುತ್ತದೆ; ಎಷ್ಟು ಬೈಸಿಕೊಂಡರೂ ಆ ಚಾಳಿ ಹೋಗಿಲ್ಲ. ತಾಳ್ಮೆಯೆಲ್ಲ ನನ್ನ ತಮ್ಮನ ಪಾಲಾಯಿತು. ಅವನು ಗಡಿಯಾರ ರಿಪೇರಿಯವನು. ದಪ್ಪ ಕನ್ನಡಕದ ದೆಸೆಯಿಂದ ಮನೆಯಲ್ಲಿ ಅವನಿಗೆ ಸೋಡಾಬುಡ್ಡಿ ಎಂದೇ ಹೆಸರು. ಮಳೆಗಾಲ ಮುಗಿಯುವಷ್ಟರಲ್ಲಿ ಕಣ್ಣು ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಅವನು ಅಂಗಡಿ ಮುಚ್ಚಿ ನನ್ನ ಶೆಡ್ಡಿಗೆ ಬಂದು ಕೂತ.

ಶೆಡ್ಡಿನ ಮೂಲೆಯಲ್ಲಿ ಅವನದೊಂದು ಟಬ್ಬು. ಅದರ ತುಂಬ ಕೊಳೆತ ಮರದ ಹೊಟ್ಟು, ಹೊಟ್ಟಿನೊಳಗೆ ಬಿಳಿ ಗೊಣ್ಣೆಹುಳು. ಎರಡು ವರ್ಷದ ಹಿಂದೆ ಸಿಕ್ಕಾಗ ಉಗುರಿನಷ್ಟಿದ್ದದ್ದು ಈಗ ಅಂಗೈ ತುಂಬುತ್ತಿತ್ತು. ಅದೇ ಮುಂದೆ ಕೊಂಬಿನ ದುಂಬಿಯಾಗುತ್ತದಂತೆ.

“ಕಣ್ಣು ಹೋಗೋದ್ರೊಳಗೆ ಆ ಕೊಂಬೊಂದು ನೋಡಿಬಿಡ್ತೀನಿ ಅಕ್ಕಾ. ಆಮೇಲೆ ಏನಾದ್ರೂ ಆಗ್ಲಿ,” ಎನ್ನುತ್ತಿದ್ದ.

ಹುಳು ತನಗೊಂದು ಕೋಣೆ ಕಟ್ಟಿಕೊಂಡಿದೆ ಎಂದು ಅವನೇ ಹೇಳಿದ್ದ. ಹೊಟ್ಟನ್ನು ಮೈಯಿಂದ ಒತ್ತಿ ಒತ್ತಿ, ತನಗಿಂತ ಉದ್ದವಾಗಿಯೇ ಕಟ್ಟುತ್ತದೆ. ಇನ್ನೂ ಹುಟ್ಟದ ಕೊಂಬಿಗೂ ಜಾಗ ಬೇಕಲ್ಲ. ಚರ್ಮ ಕಳಚಿದ ಗಳಿಗೆಯಲ್ಲಿ ಕೊಂಬು ಬಲು ಮೆತ್ತಗೆ. ಗೋಡೆ ಎಲ್ಲಿ ತಾಗಿತೋ ಅಲ್ಲೇ ಬಾಗಿ ಗಟ್ಟಿಯಾಗುತ್ತದೆ. ಹೆಣ್ಣು ದುಂಬಿಗೆ ಕೊಂಬೇ ಇಲ್ಲ ಎಂದಾಗ, “ಪುಣ್ಯವಂತೆ, ಗುದ್ದಾಟ ತಪ್ಪಿತು,” ಎಂದು ನಕ್ಕಿದ್ದೆ.

ಆ ಕೋಣೆಯನ್ನು ಒಡೆದವಳು ನಾನೇ. ಒಂದು ಮಧ್ಯಾಹ್ನ ಮಣ್ಣಿಗೆ ಬೆರೆಸಲು ಹೊಟ್ಟು ಬೇಕಿತ್ತು. ಹೂಜಿ ಬಿರುಕು ಬಿಟ್ಟ ಸಿಟ್ಟಿನಲ್ಲಿ ಯಾವ ಟಬ್ಬು ಎಂದೂ ನೋಡದೆ ಕೈ ಹಾಕಿ ಬಾಚಿದೆ. ಒಳಗೆ ಟೊಳ್ಳೊಂದು ಕುಸಿಯಿತು. ತಣ್ಣನೆಯ, ಸುಕ್ಕುಬಿದ್ದ ಮೈ ಬೆರಳಿಗೆ ತಾಗಿತು. ಅಯ್ಯೋ ಎಂದು ಕೈ ಹಿಂದೆಳೆದೆ.

ತಮ್ಮ ಹೊರಗೆ ಬಿಸಿಲಿಗೆ ಮುಖವೊಡ್ಡಿ ಕೂತಿದ್ದ. “ಏನಕ್ಕಾ ಅದು?”

“ಏನಿಲ್ವೋ, ನನ್ನ ತಲೆ!” ಎಂದೆ.

ಹಸಿಮಣ್ಣಿನಲ್ಲಿ ಗೇಣುದ್ದದ ಕೋಣೆ ಮಾಡಿದೆ. ಒಳಗೋಡೆಯನ್ನು ಒದ್ದೆ ಬಟ್ಟೆಯಿಂದ ಸವರಿ, ಹುಳುವನ್ನು ಮಲಗಿಸಿ, ಮೇಲೆ ಹೊಟ್ಟು ಮುಚ್ಚಿದೆ. ಅಷ್ಟು ಹುಷಾರಾಗಿ ಜನ್ಮದಲ್ಲಿ ಏನನ್ನೂ ಮಾಡಿರಲಿಲ್ಲ. ತಮ್ಮನಿಗೆ ಹೇಳಬೇಕೆಂದು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಊಟಕ್ಕೆ ಬಾ ಎಂದೆ.

ಆಮೇಲಿನ ವಾರಗಳು ಮಂಪರಿನಲ್ಲೇ ಸರಿದವು. ಮಳೆ ಬಂತು, ಹೋಯಿತು. ತಮ್ಮ ಟಬ್ಬಿಗೆ ಕಿವಿಯಿಟ್ಟು ಕೂತಿರುತ್ತಿದ್ದ. ಕಿಟಕಿ ಹಾಲಿನ ಹಾಗೆ ಬೆಳ್ಳಗೆ ಮಸುಕಾಗಿದೆ ಅಕ್ಕಾ ಎನ್ನುತ್ತಿದ್ದವನು ಒಂದು ದಿನ, ಕಿಟಕಿ ಎಲ್ಲಿದೆ ಎಂದು ಕೇಳಿದ. ಚಕ್ರದ ಮುಂದೆಯೇ ನನಗೆ ಜೋಂಪು ಹತ್ತುತ್ತಿತ್ತು. ಕನಸಿನಲ್ಲಿ ನಾನೇ ಆ ಮಣ್ಣಿನ ಕೋಣೆಯಲ್ಲಿ ಮಲಗಿದ್ದೆ. ಹಣೆಯಿಂದ ಏನೋ ಮೆತ್ತಗೆ ಬೆಳೆಯುತ್ತಿತ್ತು, ಕತ್ತಲೆಗೆ ಹಸಿಮಣ್ಣಿನ ವಾಸನೆಯಿತ್ತು. ಎದ್ದು ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಒಂದು ಸಂಜೆ ಅವನು ಕೂಗಿದ. “ಅಕ್ಕಾ, ಬಂತು! ದೀಪ ತಗೊಂಡ್ಬಾ!”

ಅವನ ಅಂಗೈ ಮೇಲೆ ದುಂಬಿ ಕೂತಿತ್ತು. ದೀಪ ಹಿಡಿದೆ. “ಹತ್ರ,” ಎಂದ. ಹತ್ತಿರ ತಂದೆ. “ಇನ್ನೂ ಹತ್ರ.” ಕೊನೆಗೆ ಮುಖ ಹಿಂದೆಳೆದುಕೊಂಡ. “ತೆಗೆದುಬಿಡು. ಬಿಸಿ ಮಾತ್ರ ಗೊತ್ತಾಗ್ತಿದೆ.”

ನನಗೆ ಅಳು ತಡೆಯಲಾಗಲಿಲ್ಲ. ಅವನು ಅಳಲಿಲ್ಲ. ತೋರುಬೆರಳನ್ನು ಕೊಂಬಿನ ಬುಡದಿಂದ ಮೇಲಕ್ಕೆ ಸವರುತ್ತ ಹೋದ. ನಡುವೆ ಬೆರಳು ನಿಂತಿತು. ಅಲ್ಲಿ ಕೊಂಬು ಪಕ್ಕಕ್ಕೆ ಬಾಗಿತ್ತು. ಮತ್ತೆ ಸವರಿದ, ಮತ್ತೆ ಅಲ್ಲೇ ನಿಂತ. ಆಮೇಲೆ ತಡಕಾಡಿ ನಾನು ಮಾಡಿಕೊಟ್ಟ ನೀರಿನ ಲೋಟ ಎತ್ತಿಕೊಂಡು, ಅದರ ಎಡಬದಿಯ ಗುಳಿಯಲ್ಲಿ ಹೆಬ್ಬೆರಳಿಟ್ಟ.

“ಅದರ ಕೋಣೆ ಯಾವಾಗ ಒಡೆದೆ?”

“ಹೂಜಿ ಬಿರುಕು ಬಿಟ್ಟ ದಿನ. ಕೊಂಬು ಹಾಳುಮಾಡಿಬಿಟ್ಟೆ ಕಣೋ.”

ದುಂಬಿ ಅವನ ಮಣಿಕಟ್ಟಿನ ಮೇಲೆ ನಿಧಾನಕ್ಕೆ ಹತ್ತುತ್ತಿತ್ತು.

“ನೆಟ್ಟಗಿದ್ದಿದ್ರೆ ಯಾವುದೋ ಒಂದು ದುಂಬಿ,” ಎಂದ. “ಇದು ನಮ್ಮನೇದು ಅಂತ ಬೆರಳಿಗೇ ಗೊತ್ತಾಯ್ತು. ಬಣ್ಣ ಹೇಳು. ಈ ಸಲ ಸುಳ್ಳು ಹೇಳ್ಬೇಡ.”

ಸೆರಗಿನಲ್ಲಿ ಮೂಗೊರೆಸಿಕೊಂಡು ದೀಪ ತಗ್ಗಿಸಿದೆ. “ಬೆನ್ನು ಕಂದು. ಅಂಚಲ್ಲಿ ಸ್ವಲ್ಪ ಹಳದಿ. ಕೊಂಬಿನ ಒಳಗಡೆ ಕೆಂಚು ರೋಮ...”

“ನಿಧಾನಕ್ಕೆ ಹೇಳಕ್ಕಾ.”

“ಅವಸರ ಏನಿಲ್ವೋ,” ಎಂದು ಮೊದಲಿಂದ ಶುರುಮಾಡಿದೆ.