ಎರಡು ಬಲಗೈಯ ಅಂಬಿಗ

ಒಂದು ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲ ಎಂದು ಹಿರಿಯರು ಹೇಳಿಟ್ಟು ಹೋಗಿದ್ದಾರೆ. ಒಂದು ಕೈಯಲ್ಲಿ ನಮಸ್ಕಾರವೂ ಆಗುವುದಿಲ್ಲ ಎಂಬುದನ್ನು ಹೇಳಲು ಮರೆತರು. ಅದು ಹೊಲಿಗೆಯಮ್ಮನಿಗೆ ತಾನಾಗಿಯೇ ತಿಳಿಯಬೇಕಾಯಿತು.

ಓಣಿಗೆಲ್ಲ ಆಕೆ ಹೊಲಿಗೆಯಮ್ಮ. ಹರಿದದ್ದು, ಬಿಚ್ಚಿದ್ದು, ಬಿಗಿಯಾದದ್ದು, ಸಡಿಲವಾದದ್ದು ಎಲ್ಲ ಆಕೆಯ ಮನೆಗೇ ಬರುತ್ತಿತ್ತು. ಬೀದಿ ಕಡೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಮಗ್ಗುಲಲ್ಲಿ ಗುಂಡಿಗಳ ಡಬ್ಬ, ಗೋಡೆಯ ಮೊಳೆಗೆ ಕತ್ತರಿ. ಬೆಳಿಗ್ಗೆ ಯಂತ್ರದ ಮೇಲಿನ ಹೊದಿಕೆ ಸರಿಸುವ ಮೊದಲು ಕಿಟಕಿಯ ಬೆಳಕಿಗೆ ಎರಡು ಕೈ ಜೋಡಿಸಿ, "ತಂದೆ, ಇವತ್ತಿನ ಹೊಲಿಗೆ ನೆಟ್ಟಗೆ ಹೋಗಲಿ" ಅನ್ನುವಳು. ಆಕೆಯ ಪ್ರಾರ್ಥನೆ ಅಷ್ಟೇ. ಕೇಳುವವನಿಗೂ ಅಷ್ಟೇ ಸಾಕಾಗಿತ್ತೋ ಏನೋ, ಹೊಲಿಗೆ ನೆಟ್ಟಗೇ ಹೋಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಯಾರದೋ ಅಂಗಿಯ ತೋಳು ಹಿಡಿದು ಕೂತಿದ್ದವಳಿಗೆ ಲಕ್ವ ಹೊಡೆಯಿತು. ಪ್ರಾಣ ಉಳಿಯಿತು, ನಾಲಿಗೆ ಉಳಿಯಿತು. ಕಾಲು ಅರ್ಧಂಬರ್ಧ ಮಾತು ಕೇಳಿತು. ಬಲಗೈ ಮಾತ್ರ ಹಠ ಹಿಡಿದ ಕೂಸಿನಂತೆ ಮುದುಡಿ ಕೂತುಬಿಟ್ಟಿತು. ಬಿಸಿಲಿಗೆ ಸುರುಟಿದ ಎಲೆಯ ಹಾಗೆ ಬೆರಳುಗಳೆಲ್ಲ ಅಂಗೈಯೊಳಕ್ಕೆ ಮಡಚಿಕೊಂಡವು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ರೂಢಿಯ ಮೇಲೆ ಕಿಟಕಿಗೆ ಕೈ ಮುಗಿಯಲು ಹೋದಳು. ಎಡ ಅಂಗೈ ಬಂದು ಬಲಗೈಯ ಮುಷ್ಟಿಗೆ ಬಡಿಯಿತು.

"ದೇವರಿಗೆ ಗುದ್ದು ತೋರಿಸಿದ ಹಾಗಾಯ್ತಲ್ಲ," ಅಂದಳು. ನಗುತ್ತಲೇ ಅಂದಳು. ಆದರೆ ಆವತ್ತಿನಿಂದ ಕಿಟಕಿಯ ಕಡೆ ಬೆನ್ನು ಹಾಕಿ ಕೂತಳು, ಬಲಗೈಯನ್ನು ಶಾಲಿನೊಳಗೆ ಸೇರಿಸಿದಳು. ಪ್ರಾರ್ಥನೆ ನಿಂತಿತು.

ವಾರಕ್ಕೊಮ್ಮೆ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಬರುತ್ತಿದ್ದಳು. "ಅಜ್ಜಿ, ದಿನಾ ಎಣ್ಣೆ ಹಚ್ಚಿ ಬೆರಳು ಬಿಡಿಸಬೇಕು. ಈಗ ಸುಮ್ಮನೆ ಬಿಟ್ರೆ ಹೀಗೇ ಗಟ್ಟಿಯಾಗಿಬಿಡುತ್ತೆ. ಆಮೇಲೆ ಯಾರ ಕೈಲೂ ಆಗಲ್ಲ."

"ಬಿಡಮ್ಮ. ದುಡಿದು ದುಡಿದು ಸುಸ್ತಾಗಿದೆ, ಮಲಗಲಿ."

ಹುಡುಗಿ ಕೈ ಚಾಚಿದರೆ ಶಾಲು ಇನ್ನಷ್ಟು ಬಿಗಿಯಾಗುತ್ತಿತ್ತು. ಗಂಡ ಮುಟ್ಟಿದರೂ ಅಷ್ಟೇ, ಮಗಳು ಮುಟ್ಟಿದರೂ ಅಷ್ಟೇ.

ಗಂಡನಿಗೆ ಓಣಿಯವರಿಟ್ಟ ಹೆಸರು ಎರಕದಯ್ಯ. ಊರಿನ ಹಳೆಯ ಶಿಲ್ಪಿಯೊಬ್ಬರ ಕುಲುಮೆಯಲ್ಲಿ ಅಚ್ಚು ತೆಗೆದು ಕಂಚು ಹೊಯ್ಯುವುದು ಅವರ ಕಸುಬಾಗಿತ್ತು. ಈಗ ಶಿಲ್ಪಿಯೂ ಇಲ್ಲ, ಕುಲುಮೆಯೂ ಇಲ್ಲ. ಮೂರು ಹೊತ್ತು ಹೆಂಡತಿಯ ಶಾಲನ್ನು ನೋಡುತ್ತ ಕೂರುವುದೇ ಕೆಲಸವಾಗಿತ್ತು. ಒಂದು ದಿನ ಬೆಳಿಗ್ಗೆ ತಲೆಗೆ ಟೋಪಿ ಹಾಕಿಕೊಂಡು ಎದುರು ಬಂದು ನಿಂತರು.

"ಏಳೇ, ಗೊಂಬೆ ನೋಡ್ಕೊಂಡು ಬರೋಣ."

ಆ ಮನೆಯಲ್ಲಿ ಪ್ರತಿಮೆಗೆ ಗೊಂಬೆ ಅನ್ನುವುದೇ ವಾಡಿಕೆ. ಕುದುರೆ ಏರಿದ ಸೇನಾಪತಿಯಾದರೂ ಗೊಂಬೆಯೇ.

"ಈ ವಯಸ್ಸಲ್ಲಿ ಗೊಂಬೆಯಾಟವೇನ್ರೀ? ನಾನು ಬರಲ್ಲ. ಜನ ನೋಡ್ತಾರೆ."

"ಜನ ಗೊಂಬೆ ನೋಡ್ತಾರೆ. ನಿನ್ನನ್ಯಾಕೆ ನೋಡ್ತಾರೆ?"

"ಅದೂ ಸರಿಯೇ. ಕಟ್ಟಿಕೊಂಡವರೇ ಇಷ್ಟು ವರ್ಷ ನೋಡ್ಲಿಲ್ಲ."

ಮಗಳು ನಗರ ಬಸ್ಸಿನ ಚಾಲಕಿ. ಅವತ್ತು ಅವಳಿಗೆ ರಜೆ. ಬಾಗಿಲಿನಿಂದಲೇ ಕೂಗಿದಳು: "ಅಮ್ಮಾ, ಗಾಲಿಕುರ್ಚಿ ದಾರಿಗಡ್ಡ ನಿಲ್ಲಿಸಿದೀನಿ. ಹಿಂದೆ ಹಾಲಿನವನು ಬೈತಿದಾನೆ. ನೀವಿಬ್ರೂ ಜಗಳ ಬಸ್ಸಲ್ಲಿ ಮುಂದುವರಿಸಿ."

ಹೀಗೆ ಹೊರಟರು.

ಮೊದಲು ಮಾರುಕಟ್ಟೆಯ ಕಾರಂಜಿ. ಕೊಡ ಬಗ್ಗಿಸಿ ನೀರು ಸುರಿಯುತ್ತಿರುವ ಹೆಂಗಸು. ಇದನ್ನು ಹೊಲಿಗೆಯಮ್ಮ ಬಲ್ಲಳು. ಮದುವೆಯಾದ ಹೊಸತು. ಶಿಲ್ಪಿಗೆ ಒಂದು ಹೆಣ್ಣು ಕೈ ಬೇಕಾಗಿದೆ ಎಂದು ಇವರು ಅಂಗಲಾಚಿದ್ದರು. ಬಲಗೈಗೆ ಎಣ್ಣೆ ಸವರಿ, ಅಚ್ಚು ತೆಗೆಯಲು ಪ್ಲಾಸ್ಟರ್ ಮೆತ್ತಿದ್ದರು. ಮೊದಲು ತಣ್ಣಗೆ ಕೊರೆದದ್ದು ಆಮೇಲೆ ಮೆಲ್ಲಗೆ ಬೆಚ್ಚಗಾಗಿತ್ತು. "ಅಲುಗಬೇಡ" ಅಂದಿದ್ದರು. "ಮೂಗು ತುರಿಸ್ತಿದೆ ರೀ" ಅಂದರೆ ತಾವೇ ಬಂದು ಮೂಗು ತುರಿಸಿದ್ದರು. ಗಟ್ಟಿಯಾದ ಮೇಲೆ ಕಿರುಬೆರಳಿನಿಂದ ಶುರುಮಾಡಿ, ಅಂಚಿಗೆ ನೀರು ತಾಕಿಸುತ್ತ, ಒಂದೊಂದೇ ಬೆರಳು ಬಿಡಿಸಿದ್ದರು. ಅವಸರ ಮಾಡಿದರೆ ಅಚ್ಚೂ ಹೋಯಿತು, ಚರ್ಮವೂ ಹೋಯಿತು.

ಆಮೇಲೆಯೂ ಎಷ್ಟೋ ಸಂಜೆ ಹೀಗೆ ಕೈ ಕೊಟ್ಟಿದ್ದಳು. ಒಮ್ಮೆ ಚಾಚಿ, ಒಮ್ಮೆ ಮಡಚಿ, ಒಮ್ಮೆ ಅಂಗೈ ಬಿಡಿಸಿ. ಕೊಟ್ಟ ಕೈ ಎಲ್ಲಿಗೆ ಹೋಯಿತೆಂದು ಕೇಳಿರಲಿಲ್ಲ. ಅಭ್ಯಾಸಕ್ಕೆ ಮಾಡುತ್ತಾರೆ, ಒಡೆದು ಹಾಕುತ್ತಾರೆ ಎಂದುಕೊಂಡಿದ್ದಳು. ಹೊಲಿಗೆ ಬಿಟ್ಟು ಊರು ಸುತ್ತಲು ಪುರುಸೊತ್ತಾದರೂ ಎಲ್ಲಿತ್ತು?

ನೀರಿನ ಹೆಂಗಸಿನ ಕಿರುಬೆರಳ ತುದಿ ಒಳಕ್ಕೆ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಸೊಟ್ಟಗಾದ ಹೊಲಿಗೆಯಮ್ಮನ ಬೆರಳೇ ಅದು.

"ನೋಡಿದ್ದಾಯ್ತಲ್ಲ, ಮನೆಗೆ ಹೋಗೋಣ," ಅಂದಳು.

"ಇನ್ನೂ ಇದೆ," ಅಂದರು ಎರಕದಯ್ಯ. ಅವರ ಮೀಸೆಯಡಿ ಏನೋ ಕಳ್ಳನಗು.

ನ್ಯಾಯಾಲಯದ ಮುಂದೆ ಹಳೆಯ ಕಾಲದ ನ್ಯಾಯಾಧೀಶರೊಬ್ಬರು ಕಂಚಿನಲ್ಲಿ ನಿಂತಿದ್ದಾರೆ. ದಪ್ಪ ಹುಬ್ಬು, ದಪ್ಪ ಹೊಟ್ಟೆ, ನೋಡಿದರೆ ತಪ್ಪು ಮಾಡದವನೂ ಒಪ್ಪಿಕೊಳ್ಳಬೇಕು. ಮಗಳು ಕುರ್ಚಿಯನ್ನು ಕಟ್ಟೆಯ ಹತ್ತಿರಕ್ಕೆ ತಳ್ಳಿದಳು. ಪುಸ್ತಕದ ಮೇಲಿಟ್ಟ ಬಲಗೈ ಸರಿಯಾಗಿ ಹೊಲಿಗೆಯಮ್ಮನ ಕಣ್ಣೆದುರಿಗೆ ಬಂತು. ಆಕೆ ನೋಡಿದಳು, ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

"ರೀ! ಇದೇನ್ರೀ ಇದು?"

"ಯಾವುದು?"

"ಆ ಕಿರುಬೆರಳು!"

ಮಗಳು ಬಗ್ಗಿ ನೋಡಿ ಹೌಹಾರಿದಳು. "ಅಯ್ಯೋ ಅಪ್ಪ! ಇಷ್ಟು ದೊಡ್ಡ ಮನುಷ್ಯನಿಗೆ ಅಮ್ಮನ ಕೈ ಹಾಕಿದೀಯಾ?"

"ಮೇಲೆ ಸ್ವಲ್ಪ ಮೇಣ ಮೆತ್ತಿ ದಪ್ಪ ಮಾಡಿದೆ. ಕಿರುಬೆರಳು ನೆಟ್ಟಗೆ ಮಾಡು ಅಂತ ನಮ್ಮ ಶಿಲ್ಪಿ ಯಜಮಾನರು ಅಂದ್ರು. ಮನಸ್ಸು ಬರಲಿಲ್ಲ."

"ಗಂಡಸರ ಮೈಗೆ ನನ್ನ ಕೈ! ಮಾನ ಮರ್ಯಾದೆ ಬೇಡ್ವೇನ್ರೀ?" ಅಂದಳು ಹೊಲಿಗೆಯಮ್ಮ. ಬೈಗುಳದ ಬಾಯಿಯೇ ಆಗಿತ್ತು, ಆದರೆ ತುಟಿಯ ಮೂಲೆಯಲ್ಲಿ ನಗು ಇಣುಕಿ ಹೋಯಿತು. ನ್ಯಾಯಾಧೀಶರನ್ನು ಮತ್ತೊಮ್ಮೆ ನೋಡಿದಳು. ಈಗ ಆತ ಅಷ್ಟು ಸಿಟ್ಟಿನವನಾಗಿ ಕಾಣಲಿಲ್ಲ. ಹರಿದ ಅಂಗಿ ಹಿಡಿದು ಬಂದು, ಸಂಜೆಯೊಳಗೆ ಬೇಕು ಎಂದು ಕಾಯುತ್ತ ನಿಂತವನಂತೆ ಕಂಡ.

ಉದ್ಯಾನದ ಕಲ್ಲುಬೆಂಚಿನ ಮೇಲೆ ಒಬ್ಬ ಡೊಳ್ಳುಹೊಟ್ಟೆಯ ಕಂಚಿನ ಮನುಷ್ಯ ಚಪ್ಪಲಿ ಕಳಚಿಟ್ಟು ನಿದ್ದೆ ಹೊಡೆಯುತ್ತಿದ್ದ. ಮಕ್ಕಳು ಹತ್ತಿ ಹತ್ತಿ ಅವನ ಹೊಟ್ಟೆ ಬಂಗಾರದಂತೆ ಹೊಳೆಯುತ್ತಿತ್ತು. ಕೆನ್ನೆಯಡಿ ಇಟ್ಟುಕೊಂಡ ಕೈ ಯಾರದೆಂದು ಈ ಸಲ ಯಾರೂ ಹೇಳಬೇಕಾಗಲಿಲ್ಲ.

"ಹಗಲಲ್ಲಿ ಒಂದು ಗಳಿಗೆ ಮಲಗಿದವಳಲ್ಲ ನಾನು," ಅಂದಳು. "ನನ್ನ ಪಾಲಿನ ನಿದ್ದೆಯೆಲ್ಲ ಈ ಪುಣ್ಯಾತ್ಮ ಮಾಡಿದಾನೆ."

ಅಲ್ಲಿಂದ ಬಸ್ಸು ಹಿಡಿದರು. ಮಗಳಿಗೆ ಪ್ರಯಾಣಿಕಳಾಗಿ ಕೂರುವುದೇ ಬಾರದು. ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತ, "ಏನಣ್ಣಾ, ಬಸ್ಸಲ್ಲಿರೋದು ಜನ, ಕುಂಬಳಕಾಯಿ ಅಲ್ಲ" ಎಂದು ಮುಂದೆ ಕೂತವನಿಗೆ ಚುಚ್ಚುತ್ತಿದ್ದಳು. ಕಿಟಕಿಯಾಚೆ ಸೇನಾಪತಿಯ ಕುದುರೆ ಮುಂಗಾಲೆತ್ತಿ ಹಾದುಹೋಯಿತು. ಲಗಾಮು ಹಿಡಿದ ಕೈ ಬಲು ಎತ್ತರದಲ್ಲಿತ್ತು. ಬೆರಳು ಕಾಣಲಿಲ್ಲ. ಹೊಲಿಗೆಯಮ್ಮ ಗಂಡನ ಮುಖ ನೋಡಿದಳು. ಅವರು ತಲೆಯಾಡಿಸಿದರು.

"ಕುದುರೆಯನ್ನೂ ನಾನೇ ಹಿಡಿದಿದೀನಾ!" ಎಂದು ಆಕೆ ಸೀಟಿಗೊರಗಿದಳು.

ನಿರ್ವಾಹಕ ಕೂಗಿದ: "ಎರಡು ಬಲಗೈ! ಎರಡು ಬಲಗೈ ಇಳಿಯೋರು ಬನ್ನಿ!"

ಊರಿಗೆಲ್ಲ ಗೊತ್ತಿರುವ ನಿಲ್ದಾಣ ಅದು. ಹೊಳೆಯ ದಂಡೆಯಲ್ಲಿ ಕಂಚಿನ ದೋಣಿ, ಅದರೊಳಗೆ ಕಂಚಿನ ಅಂಬಿಗ. ಬಲಗೈಯಲ್ಲಿ ಹುಟ್ಟು ಹಿಡಿದಿದ್ದಾನೆ. ಎಡತೋಳನ್ನು ಮುಂದಕ್ಕೆ ಚಾಚಿ, ಅಂಗೈ ತೆರೆದು, ದಡದವರನ್ನು ಕರೆಯುತ್ತಿದ್ದಾನೆ. ಆದರೆ ಆ ಎಡತೋಳಿನ ತುದಿಯಲ್ಲಿರುವುದೂ ಬಲಗೈ. ಹೆಬ್ಬೆರಳು ಇರಬಾರದ ಕಡೆಯಿದೆ. ಆ ತೆರೆದ ಅಂಗೈಗೆ ತಟ್ಟಿ ಹೋಗುವುದು ಹೋಗಿ ಬರುವವರ ರೂಢಿ. ತಟ್ಟಿಸಿಕೊಂಡು ತಟ್ಟಿಸಿಕೊಂಡು ಅಂಗೈ ಬೆಳಗಿದ ದೀಪದಂತಾಗಿತ್ತು.

ಊರು ತೋರಿಸುವ ಒಬ್ಬ ಯುವಕ ಪ್ರವಾಸಿಗರ ಗುಂಪಿಗೆ ಕಥೆ ಹೇಳುತ್ತಿದ್ದ. "ಹಿಂದೊಮ್ಮೆ ಹೊಳೆ ಉಕ್ಕಿ ಬಂದಾಗ ಈ ಅಂಬಿಗ ಬಲಗೈಯಲ್ಲಿ ಹುಟ್ಟು ಹಾಕ್ತಾ, ಎಡಗೈಯಲ್ಲಿ ಮುಳುಗೋರನ್ನ ಎತ್ತಿ ಎತ್ತಿ ದೋಣಿಗೆ ಹಾಕಿದನಂತೆ. ಕೊನೆಗೆ ಎಡಗೈ ಸೋತು ಬಿದ್ದುಹೋಯ್ತಂತೆ. ಇನ್ನೂ ಜನ ನೀರಲ್ಲಿದಾರೆ. ಅಂಬಿಗ ದೇವರನ್ನ ಕರೆದ. ದೇವರು ಸೋತ ಕೈ ಜಾಗದಲ್ಲಿ ಇನ್ನೊಂದು ಬಲಗೈ ಕೊಟ್ಟನಂತೆ."

ಎರಕದಯ್ಯ ಕಿಸಕ್ಕನೆ ನಕ್ಕು ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು. "ದೇವರಲ್ಲ ಕಣೇ, ನಾನು. ಇವನ ಎಡಗೈ ಅಚ್ಚು ತೆಗೆಯೋದೊಂದು ಬಾಕಿ ಇತ್ತು. ಅಷ್ಟರಲ್ಲಿ ನಿನಗೆ ನೋವು ಶುರುವಾಯ್ತು, ಆಸ್ಪತ್ರೆಗೆ ಓಡಿದ್ವಿ. ನೀನು ಎರಡೂ ಕೈಯಲ್ಲಿ ಮಂಚದ ಕಂಬಿ ಹಿಡ್ಕೊಂಡು ಕೂಗ್ತಾ ಇದ್ದೆ. ಒಂದು ಗಳಿಗೆ ಎಡಗೈ ಕೊಡೇ ಅಂತ ಕೇಳೋಕಾಗುತ್ತಾ? ಅಲ್ಲಿ ಕುಲುಮೆ ಕಾದು ಕೂತಿತ್ತು. ಕಪಾಟಿನಲ್ಲಿ ನಿನ್ನ ಬಲಗೈ ಇತ್ತು. ಹಾಕಿದೆ."

"ಅಂದ್ರೆ ನಾನು ಹುಟ್ಟಿದ್ದಕ್ಕೆ ಆಗಿದ್ದಾ ಇದು?" ಮಗಳ ಬಾಯಿ ತೆರೆದಂತೆಯೇ ಉಳಿಯಿತು. "ದಿನಾ ಇಲ್ಲಿ ಬಸ್ಸು ನಿಲ್ಲಿಸ್ತೀನಲ್ಲಪ್ಪ! ಯಜಮಾನರು ಬೈಲಿಲ್ವಾ?"

"ನಿಲ್ಲಿಸಿದ ಮೇಲೆ ನೋಡಿದ್ರು. ತುಂಬಾ ಹೊತ್ತು ನೋಡಿದ್ರು. 'ಇರಲಿ ಬಿಡಯ್ಯ, ಕರೆಯೋ ಕೈ ಬಲಗೈಯೇ ಆಗಿರಲಿ' ಅಂದ್ರು." ಎರಕದಯ್ಯ ನೆಟ್ಟಗಾದರು. "ತಡಿ, ಆ ಹುಡುಗನಿಗೆ ನಿಜ ಸಂಗತಿ ಹೇಳ್ತೀನಿ."

"ಸುಮ್ಮನಿರಿ," ಅಂದಳು ಹೊಲಿಗೆಯಮ್ಮ.

ಆಕೆಯ ದನಿ ಬೇರೆಯಾಗಿತ್ತು.

"ಆ ಹುಡುಗ ಸುಳ್ಳೇನು ಹೇಳಿದ? ಸೋತ ಕೈ ಜಾಗದಲ್ಲಿ ಇನ್ನೊಂದು ಕೈ ಕೊಟ್ಟ ಅಂದ. ಕೊಡಲಿಲ್ವಾ?"

ಗುಂಪು ಒಬ್ಬೊಬ್ಬರಾಗಿ ಅಂಗೈಗೆ ತಟ್ಟಿ ಮುಂದೆ ಹೋಯಿತು. ಒಬ್ಬ ಮುದುಕ ತಟ್ಟಿದ, ಮಗುವನ್ನೆತ್ತಿಕೊಂಡ ಹೆಂಗಸು ಮಗುವಿನ ಕೈಯಿಂದ ತಟ್ಟಿಸಿದಳು. ಜನ ನೋಡಿಬಿಟ್ಟಾರೆಂದು ಶಾಲಿನಲ್ಲಿ ಬಚ್ಚಿಟ್ಟುಕೊಂಡ ಕೈಯನ್ನು ಊರಿಗೆ ಊರೇ ಇಷ್ಟು ವರ್ಷ ಮುಟ್ಟಿ ಹೋಗಿದೆ. ತಾನು ಬಾಗಿಲು ದಾಟದೆ ಕೂತಿದ್ದಾಗ ತನ್ನ ಕೈ ಹೊಳೆಯ ದಂಡೆಯಲ್ಲಿ ನಿಂತು, ಬನ್ನಿ ಬನ್ನಿ ಎಂದು ಎಲ್ಲರನ್ನೂ ಕರೆಯುತ್ತಿದೆ.

"ನನ್ನನ್ನ ಹತ್ತಿರ ತಳ್ಳೇ," ಅಂದಳು ಮಗಳಿಗೆ.

ದೋಣಿ ನೆಲದ ಮಟ್ಟದಲ್ಲೇ ಇತ್ತು. ಮಗಳು ಒಂದು ಕಡೆ, ಗಂಡ ಒಂದು ಕಡೆ ಹಿಡಿದು ಎಬ್ಬಿಸಿ ನಿಲ್ಲಿಸಿದರು. ಹೊಲಿಗೆಯಮ್ಮ ಎಡಗೈ ಎತ್ತಿ ಆ ಕಂಚಿನ ಅಂಗೈಯ ಮೇಲಿಟ್ಟಳು. ತಟ್ಟಲಿಲ್ಲ, ಇಟ್ಟಳು. ಹೆಬ್ಬೆರಳಿಗೆ ಹೆಬ್ಬೆರಳು ಸೇರಿತು, ತೋರುಬೆರಳಿಗೆ ತೋರುಬೆರಳು. ಅಂಬಿಗನ ಸೊಟ್ಟ ಕಿರುಬೆರಳು ಆಕೆಯ ಎಡಗಿರುಬೆರಳಿಗೆ ತುಸು ಒರಗಿ ಕೂತಿತು, ಹಿಂದೆಲ್ಲ ಪ್ರತಿ ಬೆಳಿಗ್ಗೆ ಒರಗುತ್ತಿದ್ದ ಹಾಗೆಯೇ. ಬಿಸಿಲಿಗೆ ಕಂಚು ಬೆಚ್ಚಗಿತ್ತು.

ಎರಡು ಕೈ ಜೋಡಿಸಿ ಎಷ್ಟು ಕಾಲವಾಗಿತ್ತು! ಕಣ್ಣು ತಾನಾಗಿ ಮುಚ್ಚಿತು.

"ತಂದೆ," ಅಂದಳು. ಮುಂದಕ್ಕೆ ಹಳೆಯ ಮಾತು ಬರಲಿಲ್ಲ. ಹೊಲಿಗೆಯೇ ಇಲ್ಲವಲ್ಲ, ಏನು ನೆಟ್ಟಗೆ ಹೋಗಬೇಕು? ಹೊಳೆ ಹರಿಯುವ ಸದ್ದು ಕೇಳುತ್ತಿತ್ತು. "ತಂದೆ, ಬಂದೆ ನೋಡು," ಅಂದಳು ಕಡೆಗೆ. ಅಷ್ಟೇ. ಕೇಳುವವನಿಗೂ ಸಾಕಾಗಿರಬೇಕು.

ಮರಳುವ ಬಸ್ಸಿನಲ್ಲಿ ಮಗಳು ಮುಂದಿನ ಸೀಟಿನಲ್ಲಿ ಕೂತಳು. ಗಂಡ ಹೆಂಡತಿ ಹಿಂದೆ. ಹೊಳೆ ಕಣ್ಮರೆಯಾಯಿತು. ಆಮೇಲೆ ಹೊಲಿಗೆಯಮ್ಮ ಎಡಗೈಯಿಂದ ಶಾಲು ಸರಿಸಿ, ಮುದುಡಿದ ಬಲಗೈಯನ್ನು ಹೊರಗೆ ತೆಗೆದು, ಎಲ್ಲರಿಗೂ ಕಾಣುವಂತೆ ಗಂಡನ ತೊಡೆಯ ಮೇಲಿಟ್ಟಳು.

"ತಗೊಳ್ಳಿ. ಎಷ್ಟು ಸಲ ಅಚ್ಚಿನಿಂದ ಬಿಡಿಸಿದೀರಿ. ಇನ್ನೊಂದು ಸಲ ಬಿಡಿಸಿ ನೋಡೋಣ."

ಎರಕದಯ್ಯ ಟೋಪಿ ತೆಗೆದು ಪಕ್ಕಕ್ಕಿಟ್ಟರು. ಬಾಟಲಿಯ ನೀರಿನಿಂದ ಬೆರಳು ಒದ್ದೆ ಮಾಡಿಕೊಂಡರು. ಮೊದಲು ಸೊಟ್ಟ ಕಿರುಬೆರಳು. ಎಳೆಯಲಿಲ್ಲ, ಅದರ ಬುಡವನ್ನು ಸುಮ್ಮನೆ ಒತ್ತಿ ಹಿಡಿದು ಕಾದರು. ಬಸ್ಸು ಎರಡು ತಿರುವು ದಾಟಿತು. ಕಿರುಬೆರಳು ಕೂದಲೆಳೆಯಷ್ಟು ಸಡಿಲಿತು. ಹೊಲಿಗೆಯಮ್ಮನ ಭುಜ ನೋವಿಗೆ ನಡುಗಿತು.

"ಅಲುಗಬೇಡ," ಅಂದರು ಎರಕದಯ್ಯ, ಹಳೆಯ ರೂಢಿಯಂತೆ.

"ಅಲುಗಿಸೋಕೇ ಅಲ್ವೇನ್ರೀ ಇಷ್ಟೆಲ್ಲ ಸುತ್ತಾಡಿಸಿದ್ದು?" ಅಂದಳು ಆಕೆ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಮೂಗು ತುರಿಸ್ತಿದೆ, ಅದನ್ನೊಂದು ನೋಡಿ."

ಮಗಳು ತಿರುಗಿ ನೋಡಲಿಲ್ಲ. ಎದ್ದು ಮುಂದೆ ಹೋಗಿ ಚಾಲಕನ ಬಳಿ ನಿಂತು, ದನಿ ತಗ್ಗಿಸಿ ಹೇಳಿದಳು: "ಅಣ್ಣಾ, ಮುಂದೆ ಹಳ್ಳ ಇದೆ. ಸ್ವಲ್ಪ ನಿಧಾನ. ಹಿಂದೆ ಅಪ್ಪ ಕೆಲಸದಲ್ಲಿದಾರೆ."