ಎಡಗಾಲಿನ ಜಾಜ್

ನಮ್ಮ ಆಳಂದದ ಕಡೆ ಡ್ರಮ್ ಸೆಟ್ಟಿಗೆ ಜಾಜ್ ಎನ್ನುತ್ತಾರೆ. ರಸೂಲಣ್ಣನ ಆರ್ಕೆಸ್ಟ್ರಾದಲ್ಲಿ ಅದನ್ನು ಬಾರಿಸುತ್ತಿದ್ದ ನನ್ನ ಗಂಡನಿಗೆ ಜಾಜ್ ದತ್ತಪ್ಪ ಎಂದೇ ಹೆಸರು ಬಿದ್ದಿತ್ತು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವರ ಬಲಗಾಲು ಸೊರಗಿತ್ತು. ದೊಡ್ಡ ಡ್ರಮ್ಮಿನ ಪೆಡಲನ್ನು ಎಲ್ಲರೂ ಬಲಗಾಲಿನಿಂದ ಒತ್ತಿದರೆ ಇವರು ಎಡಗಾಲಿನಿಂದ ಒತ್ತುವವರು. ಹಾಗಾಗಿ ಇಡೀ ಸೆಟ್ಟೇ ಉಲ್ಟಾ.

ಜೋಡಿಸುವ ಕೆಲಸ ನನ್ನದು. ಮೊದಲು ಜಮಖಾನೆ, ಅದರ ಮೇಲೆ ದೊಡ್ಡ ಡ್ರಮ್ಮು, ಆಮೇಲೆ ಅದರ ಬಳೆಗೆ ಪೆಡಲನ್ನು ಕಚ್ಚಿಸಿ ತಿರುಪು ಬಿಗಿಯಬೇಕು. ಪೆಡಲಿನ ಸ್ಪ್ರಿಂಗು ಸೈಕಲ್ ಸ್ಟ್ಯಾಂಡಿನದು, ಪಟ್ಟಿ ಹಳೆಯ ಬೆಲ್ಟಿನದು. ಬಿಗಿ ಸಾಕೇ ಎಂದು ನಾನು ಕೈಯಿಂದಲೇ ಒತ್ತಿ ನೋಡುತ್ತಿದ್ದೆ. ಕಾಲಿಟ್ಟು ನೋಡು ಎಂದು ಅವರು ಎಷ್ಟು ಹೇಳಿದರೂ ಇಡಲಿಲ್ಲ. ಅನ್ನ ಹಾಕುವ ವಾದ್ಯ, ಅವರ ಕಾಲು ಬೇರೆ, ನನ್ನ ಕಾಲು ಬೇರೆ.

ಡ್ರಮ್ಮಿನ ಮುಂಗಾಲುಗಳು ಮುರಿದಿದ್ದವು. ಪ್ರತಿ ಏಟಿಗೂ ಅದು ಮುಂದಕ್ಕೆ ಸರಿಯುತ್ತಿತ್ತು. ಇಟ್ಟಿಗೆ ಇಟ್ಟೆವು, ಇಟ್ಟಿಗೆಯೂ ಸರಿಯಿತು. ಕೊನೆಗೆ ನಾನೇ ಅದಕ್ಕೆ ಬೆನ್ನು ಕೊಟ್ಟು ಕೂತೆ. ಹಾಡು ಕೇಳಲು ಬಂದ ಹೆಂಗಸರು ಬಿಡುತ್ತಾರೆಯೇ?

“ಏನಬೇ ದ್ರೌಪದಿ, ಮಂದಿ ಮುಂದ ಗಂಡನ ಕೈಲಿ ಒದಿಸ್ಕೊಳ್ಳಾಕತ್ತಿ?”

“ಹೌದ್ರಿ. ನಿಮ್ಮವ್ರು ಒದ್ರ ತಾಳ ತಪ್ತದ, ನಮ್ಮವ್ರದು ತಪ್ಪಂಗಿಲ್ಲ,” ಎನ್ನುತ್ತಿದ್ದೆ.

ಯಾರಿಗೂ ಗೊತ್ತಿಲ್ಲದ ಒಂದು ಮಾತಿತ್ತು. ಪ್ರತಿ ಹಾಡು ಶುರುವಾಗುವ ಮುಂಚೆ ಅವರು ಪೆಡಲನ್ನು ಎರಡು ಸಲ ಮೆಲ್ಲಗೆ ತಟ್ಟುವರು. ಮಂದಿಗೆ ಕೇಳಿಸದು, ನನ್ನ ಬೆನ್ನಿಗೆ ಮಾತ್ರ. ಇದ್ದೀಯೇನು ಎಂದು ಅದರ ಅರ್ಥ. ನಾನು ಮೊಣಕೈಯಿಂದ ಡ್ರಮ್ಮಿಗೆ ಒಮ್ಮೆ ತಟ್ಟುತ್ತಿದ್ದೆ. ಇದ್ದೇನೆ. ಆಮೇಲೆಯೇ ಹಾಡು.

ಯುಗಾದಿ ಮುಗಿದ ಮೇಲೆ ಅವರಿಗೆ ಕಾಮಾಲೆ ಆಯಿತು. ಆಸ್ಪತ್ರೆಗೆ ನಡೀರಿ ಎಂದು ನಾನು ಬಡಕೊಂಡೆ, ಅವರು ನಾಟಿ ಔಷಧವನ್ನೇ ನಂಬಿ ಕೂತರು. ಹೋಗಿಯೇಬಿಟ್ಟರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಿ ಏನು ಬಂತು, ಆದರೂ ಬರುತ್ತದೆ.

ಗಣಪತಿ ಹಬ್ಬಕ್ಕೆ ರಸೂಲಣ್ಣ ಮನೆಗೆ ಬಂದ. ಮೂಲೆಯಲ್ಲಿ ಚಾದರ ಹೊದ್ದು ಕೂತಿದ್ದ ಸೆಟ್ಟನ್ನು ನೋಡಿ ನೆಲ ನೋಡಿದ.

“ತಂಗೀ, ಖಜೂರಿಯಾಗ ಪ್ರೋಗ್ರಾಂ ಅದ. ಅಣ್ಣಾರಾಯ ಅಂತ ಹೊಸಾ ಮನಶಾ ಸಿಕ್ಕಾನ, ಅವನ ಹಂತ್ಯಾಕ ಜಾಜ್ ಇಲ್ಲ. ಇದು ಇನ್ನ ನಮ್ಮ ಆರ್ಕೆಸ್ಟ್ರಾ ಪಾರ್ಟಿಗೇ ಇರ್ಲಿ ಅಂತೇನಿ. ಜಬರದಸ್ತಿ ಇಲ್ಲ ನೋಡು.”

“ಜೋಡ್ಸಾಕ ನಾ ಬರ್ತೇನಿ. ಕೊಡೂದು ಬಿಡೂದು ಅವ ಬಾರಸೂದು ಕೇಳಿದ ಮ್ಯಾಲ ಹೇಳ್ತೇನಿ,” ಎಂದೆ.

ನನ್ನ ಆಸೆ ಒಂದೇ. ಆ ಡ್ರಮ್ಮು ಇನ್ನೊಮ್ಮೆ ಬೆನ್ನಿಗೆ ತಾಗಬೇಕು. ಅವರು ಅದರೊಳಗೆ ಚೂರಾದರೂ ಉಳಿದಿದ್ದರೆ ಮನೆಗೆ ತಂದು ಬಾಗಿಲು ಹಾಕಿಕೊಳ್ಳಬೇಕು. ಹುಚ್ಚು ಎನ್ನಿ ಬೇಕಾದರೆ.

ಖಜೂರಿಯಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಜಮಖಾನೆ ಹಾಸಿದೆ, ಜೋಡಿಸಿದೆ, ಪೆಡಲನ್ನು ಕೈಯಿಂದ ಒತ್ತಿ ನೋಡಿದೆ. ಅಣ್ಣಾರಾಯ ಬಂದು ಸ್ಟೂಲಿನ ಮೇಲೆ ಕೂತು ತಬ್ಬಿಬ್ಬಾದ.

“ಅಕ್ಕಾ, ಇದೇನ್ರಿ, ಪೂರಾ ಉಲ್ಟಾ ಇಟ್ಟೀರಿ? ಹಿಂಗ ಯಾರು ಬಾರಸ್ತಾರ್ರಿ?”

“ಬಾರಸವ್ರು ಇದ್ರು!” ಎಂದು ಚೀರಿದೆ. ಮೈಕಿನವನು ತಿರುಗಿ ನೋಡಿದ. ಅಣ್ಣಾರಾಯನ ಎರಡೂ ಕಾಲು ಗಟ್ಟಿಮುಟ್ಟಾಗಿದ್ದವು, ಅದು ಅವನ ತಪ್ಪೇ? ಸತ್ತವರಿಗೆಂದು ಜೋಡಿಸಿದ್ದು ನನ್ನ ಕೈ. ರಸೂಲಣ್ಣ ಎದ್ದು ಬರುತ್ತಿದ್ದ. ಬೇಡವೆಂದು ಸನ್ನೆ ಮಾಡಿ, ಒಂದೊಂದೇ ತಿರುಪು ಬಿಚ್ಚಿ, ಎಡದಲ್ಲಿದ್ದದ್ದನ್ನು ಬಲಕ್ಕೆ, ಬಲದಲ್ಲಿದ್ದದ್ದನ್ನು ಎಡಕ್ಕೆ ಇಟ್ಟೆ. ಅವರನ್ನು ಮಣ್ಣಿಗಿಟ್ಟ ದಿನ ಬಾರದ ಅಳು ಅಲ್ಲಿ ಬಂತು.

ಆಮೇಲೆ ಮುಂದೆ ಹೋಗಿ ಡ್ರಮ್ಮಿಗೆ ಬೆನ್ನು ಕೊಟ್ಟು ಕೂತೆ. ಮೈಕಿನಲ್ಲಿ ರಸೂಲಣ್ಣ ಹಾಡಿನ ಹೆಸರು ಹೇಳಿದ. ನಾನು ಆ ಎರಡು ತಟ್ಟುಗಳಿಗೆ ಕಾದೆ.

ಒಮ್ಮೆಲೇ ಹಾಡು ಶುರುವಾಯಿತು. ಏಟು ಗಟ್ಟಿಯಾಗಿತ್ತು, ತಾಳ ಚೊಕ್ಕವಾಗಿತ್ತು. ಮಂದಿ ಸಿಳ್ಳೆ ಹೊಡೆದರು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಹಾಡು ಮುಗಿದಾಗ ತಡೆಯಲಾಗಲಿಲ್ಲ. ಮೊಣಕೈಯಿಂದ ಡ್ರಮ್ಮಿಗೆ ಒಮ್ಮೆ ತಟ್ಟಿದೆ.

ಅಣ್ಣಾರಾಯ ಮೇಲಿನಿಂದ ಬಗ್ಗಿ ನೋಡಿದ. “ಏನಾತ್ರಿ ಅಕ್ಕಾ? ಡ್ರಮ್ ಸರಿಯಾಕತ್ತದೇನು?”

“ಏನಿಲ್ಲಪ್ಪ,” ಎಂದೆ. “ನೀ ಬಾರಸು. ಇನ್ನ ಇದು ನಿಂದೇ.”