ನೆರಳಿನವರೆಗೆ ಕೇಬಲ್

ರಂಪಣಿ ಬಲೆ ಎಳೆಯುವಾಗ ನಮ್ಮಪ್ಪ ಬೊಮ್ಮಯ್ಯ ಕೂಗು ಹಾಕಿದನೆಂದರೆ ಚಿತ್ತಾಕುಲದ ಕಡಲ ದಂಡೆಯಲ್ಲಿ ನಲವತ್ತು ಜನ ಒಟ್ಟಿಗೆ ಹಗ್ಗ ಜಗ್ಗುತ್ತಿದ್ದರು. ಆ ಗಂಟಲಿಗೆ ಗುರುವಾರ ಆಪರೇಷನ್. ಆಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅದನ್ನು ಹೇಗಾದರೂ ಹಿಡಿದಿಡಬೇಕೆಂಬುದೊಂದೇ ಹಟ ನನಗೆ.

ಅಲೆಯ ಗದ್ದಲದಿಂದ ಅಪ್ಪನ ದನಿಯನ್ನು ಬೇರ್ಪಡಿಸಲೆಂದು ನಾನು ಕೆಲಸ ಮಾಡುವ ಸ್ಟುಡಿಯೋದಿಂದ ಅರವತ್ತನಾಲ್ಕು ಮೈಕಿನ ರೆಕಾರ್ಡರ್ ಬೇಡಿ ತಂದಿದ್ದೆ. ಅದಕ್ಕೆ ಮೆಮೊರಿ ಕಾರ್ಡಿಲ್ಲ. ಕೇಳಿದ್ದನ್ನೆಲ್ಲ ಆ ಕ್ಷಣವೇ ಯುಎಸ್‌ಬಿ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಸುರಿಯುತ್ತದೆ. ಬುಧವಾರ ಬೆಳಿಗ್ಗೆ ರೆಕಾರ್ಡರನ್ನು ಅಪ್ಪನ ಪಕ್ಕ ನಿಲ್ಲಿಸಿದೆವು. ಕೇಬಲ್ಲಿನ ತುದಿಯನ್ನು ಅವನೇ ದೋಣಿ ಚಪ್ಪರದ ನೆರಳಿಗೆ ತಂದು ಕೊಟ್ಟ. ನಾನು ಹಿಂದೆಮುಂದೆ ನೋಡದೆ ಸಿಕ್ಕಿಸಿಕೊಂಡು ಕೂತೆ.

ಮೊದಲ ಎಳೆತ ಪೂರ್ತಿ ಹಾಳು. ಕೂಗೆಲ್ಲ ತುಂಡು ತುಂಡು. ಪೋರ್ಟ್ ಬದಲಿಸಿದೆ, ಬೇರೆ ಪ್ರೋಗ್ರಾಮುಗಳನ್ನು ಮುಚ್ಚಿದೆ, ರೆಕಾರ್ಡಿಂಗಿನ ದರ್ಜೆ ಇಳಿಸಿದೆ. ಊಹೂಂ. ವೇಗ ನೋಡಿದರೆ ಬರಬೇಕಾದದ್ದರಲ್ಲಿ ಹತ್ತನೇ ಒಂದು ಪಾಲು. ಲ್ಯಾಪ್‌ಟಾಪಿಗೆ ಬಾಯಿಗೆ ಬಂದಂತೆ ಬೈದೆ. ಪಾಪ, ಅದರ ತಪ್ಪೇನಿರಲಿಲ್ಲ.

ಕೇಬಲ್ ಹಿಡಿದು ಮರಳಿನಲ್ಲಿ ನಡೆದು ನೋಡುತ್ತೇನೆ, ನನ್ನ ಒಂದು ಮೀಟರಿನ ಕೇಬಲ್ಲಿಗೆ ಪೇಟೆಯ ಮೂರು ಅಗ್ಗದ ಕೇಬಲ್ ಸೇರಿಸಿ, ಸಂದುಗಳಿಗೆ ಬಲೆಯ ನೂಲು ಬಿಗಿದಿದೆ.

“ಇದೆಂತ ಮಾಡಿಟ್ಟಿದ್ಯೋ ಅಪ್ಪಾ?”

“ಹಗ್ಗ ಸಾಲ್ದಿದ್ರೆ ಜೋಡ್ಸುದೇ ಅಲ್ವನೇ? ನೀ ಬಿಸಿಲಲ್ಲಿ ಕೂತ್ಕಳುದು ಬ್ಯಾಡ ಅಂದ್ಕಂಡೆ.”

“ಇದು ಹಗ್ಗ ಅಲ್ವೋ ಮಾರಾಯಾ! ಜೋಡ್ಸಿದಷ್ಟೂ ವೇಗ ಸಾಯ್ತದೆ.”

ಅಪ್ಪ ಮುಖ ಸಣ್ಣ ಮಾಡಿಕೊಂಡು ಚೂರಿ ಕೊಟ್ಟ. ಗಂಟುಗಳನ್ನು ಕೊಯ್ದೆ. ಅಷ್ಟು ರೇಗಬಾರದಿತ್ತು ಎಂದು ಇವತ್ತಿಗೂ ಅನಿಸುತ್ತದೆ. ಎರಡನೇ ಎಳೆತಕ್ಕೆ ಬರೀ ಒಂದು ಮೀಟರಿನ ಕೇಬಲ್ ಹಾಕಿ, ಅವನ ಕಾಲಬುಡದಲ್ಲಿ ಬಿಸಿಲಿಗೇ ಕೂತೆ. ಒಂದು ಉಸಿರೂ ತಪ್ಪದೆ ಬಂತು.

ಈಗ ಅಪ್ಪ ನನ್ನನ್ನು ಚಪ್ಪಾಳೆ ತಟ್ಟಿ ಕರೆಯುತ್ತಾನೆ. ಒಂದೇ ಒಂದು ಸಲ ಹೆಸರು ಹಿಡಿದು ಕರೆಯಬಾರದೇ ಎಂದು ಜೀವ ಹಂಬಲಿಸುತ್ತದೆ. ಎರಡನೇ ಫೈಲಿನಲ್ಲಿ ಅವನ ದನಿ ಚೊಕ್ಕವಾಗಿದೆ, ಆದರೆ ಅದೆಲ್ಲ ಹಗ್ಗ ಹಿಡಿದವರಿಗೆ. ಕಾಲಬುಡದಲ್ಲಿ ಕೂತವಳನ್ನು ಯಾರು ಕೂಗಿ ಕರೆಯುತ್ತಾರೆ?

ಅದಕ್ಕೇ ಹಾಳಾದ ಮೊದಲ ಫೈಲನ್ನು ಹಾಕಿಕೊಳ್ಳುತ್ತೇನೆ. ಎಳೆತದ ನಡುವೆ ಅಪ್ಪ ದೂರದ ಚಪ್ಪರದತ್ತ ತಿರುಗಿ ನನ್ನನ್ನೇ ಕೂಗುತ್ತಾನೆ:

“ಪ್ರಗ... ನೆರಳ... ಕೂತ್ಕ...”